ಕಲ್ಲಿನ ವಾಸನೆ ಹುಡುಕಿ ಹೊರಟಾಗ ಸಿಕ್ಕ ಪಾಶ್ಚರ್

1838ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಒಂದು ಸಣ್ಣ ಊರಿನಿಂದ 15 ವರ್ಷದ ಹುಡುಗನೊಬ್ಬ ಪ್ಯಾರಿಸ್‌ಗೆ ಹೊರಟ. ಅಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದರೆ ಮುಂದೆ ದೊಡ್ಡ ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯಬಹುದು ಎಂಬುದು ಮನೆಯವರ ಆಸೆ. ನಮ್ಮಲ್ಲಿ ಕೋಚಿಂಗ್‌ಗೆಂದು ಬೆಂಗಳೂರಿನ ಬಸ್ಸು ಹತ್ತುತ್ತೇವಲ್ಲ, ಹಾಗೆಯೇ. ಆದರೆ ಹುಡುಗನಿಗೆ ರಾತ್ರಿ ನಿದ್ದೆ ಬರಲಿಲ್ಲ. ಅವನಿಗೆ ನೆನಪಾಗುತ್ತಿದ್ದುದು ಊರಿನ ತಿಂಡಿಯಲ್ಲ, ಅಪ್ಪ ಚರ್ಮ ಹದ ಮಾಡುತ್ತಿದ್ದ ಅಂಗಳದ ವಾಸನೆ. ಅದನ್ನು ಒಂದೇ ಒಂದು ಸಲ ಮೂಸಿದರೆ ತನ್ನ ಕಾಯಿಲೆ ವಾಸಿಯಾದೀತು ಎಂದು ಗೆಳೆಯನ ಹತ್ತಿರ ಹೇಳಿಕೊಂಡಿದ್ದನಂತೆ. ಕೆಲವೇ ವಾರಗಳಲ್ಲಿ ಅಪ್ಪನೇ ಬಂದು ಅವನನ್ನು ಊರಿಗೆ ಕರೆದೊಯ್ದ.

ಆ ಹುಡುಗ ಲೂಯಿ ಪಾಶ್ಚರ್. ನಾವೆಲ್ಲ ಅವನನ್ನು ಹೈಸ್ಕೂಲು ಪುಸ್ತಕದಲ್ಲಿ ಹುಚ್ಚುನಾಯಿ ಕಡಿತದ ಲಸಿಕೆಯ ಪಾಠದಲ್ಲಿ ಓದಿ, ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತವರು. ನನಗೆ ಅವನು ಮತ್ತೆ ಎದುರಾಗಿದ್ದು ಬೇರೆ ದಾರಿಯಲ್ಲಿ. ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ರುಚಿ ಮತ್ತು ವಾಸನೆಯನ್ನು ಪರೀಕ್ಷಿಸುವ ತಂಡಕ್ಕೆ ಜನ ಬೇಕೆಂದು ಒಂದು ಕಂಪನಿಯಿಂದ ಕರೆ ಬಂತು. ಜ್ಯೂಸು, ಕಾಫಿ, ಮಸಾಲೆ ಪುಡಿಗಳ ಜೊತೆಗೆ ಬಿಳಿ ವೈನ್ ಕೂಡ ಪಟ್ಟಿಯಲ್ಲಿತ್ತು. ಕುಡಿಯುವ ಕೆಲಸವಲ್ಲ, ಮೂಸಿ, ಬಾಯಲ್ಲಿ ಆಡಿಸಿ, ಉಗುಳಿ, ಕಂಡದ್ದನ್ನು ಬರೆಯುವ ಕೆಲಸ ಎಂದು ಮನೆಯಲ್ಲಿ ಅಮ್ಮನಿಗೆ ಬಿಡಿಸಿ ಹೇಳುವುದಕ್ಕೇ ಎರಡು ದಿನ ಹಿಡಿಯಿತು.

ತಯಾರಿಗೆಂದು ಅವರು ಕಳಿಸಿದ ಪದಗಳ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಗೂಸ್‌ಬೆರಿ, ಫ್ಲಿಂಟ್, ವೆಟ್ ಸ್ಟೋನ್, ಸ್ಮೋಕ್, ಆಗತಾನೆ ಗೀರಿದ ಬೆಂಕಿಕಡ್ಡಿ. ಅವರ ಗೂಸ್‌ಬೆರಿ ನಮ್ಮ ನೆಲ್ಲಿಕಾಯಿ ಅಲ್ಲ, ಅದನ್ನು ನಾನು ಕಣ್ಣಾರೆ ಕಂಡೂ ಇಲ್ಲ. ಆದರೆ ಕಲ್ಲಿಗೆ, ಹೊಗೆಗೆ ನಮಗೇನು ಬರ? ನಮ್ಮ ಮನೆ ಚಾಮುಂಡಿ ಬೆಟ್ಟದ ಪಾದದ ಹತ್ತಿರ. ಕರೆಂಟು ಹೋದ ರಾತ್ರಿಗಳಲ್ಲಿ ನಾವು ಮಕ್ಕಳೆಲ್ಲ ಎರಡು ಬೆಣಚುಕಲ್ಲು ತಂದು ಉಜ್ಜುತ್ತಿದ್ದೆವು. ಕಿಡಿ ಹಾರುತ್ತಿತ್ತು, ಹಿಂದೆಯೇ ಸುಟ್ಟಂಥ ಒಂದು ವಾಸನೆ ಬರುತ್ತಿತ್ತು. ಪಟ್ಟಿಯಲ್ಲಿದ್ದ ಫ್ಲಿಂಟ್ ಎಂದರೆ ಚಕಮಕಿ ಕಲ್ಲು. ಟಿಪ್ಪುವಿನ ಸೈನಿಕರ ಬಂದೂಕಿನ ಕುದುರೆಯಲ್ಲಿ ಕಿಡಿ ಹಾರಿಸುತ್ತಿದ್ದುದು ಅದೇ. ಅದರ ಹತ್ತಿರದ ಬಂಧು ನಮ್ಮ ಬೆಣಚುಕಲ್ಲು.

ಹಾಗಾಗಿ ಬೆಳಿಗ್ಗೆ ಬೆಟ್ಟದ ಮೆಟ್ಟಿಲು ಹತ್ತುವಾಗ ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿಟ್ಟುಕೊಂಡೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಮೊದಲ ಮಳೆಯ ನಾಲ್ಕು ಹನಿ ಬಿದ್ದಾಗ ಒಂದು ವಾಸನೆ. ಅದೇ ಬಂಡೆ ಪೂರ್ತಿ ತೊಯ್ದ ಮೇಲೆ ಇನ್ನೊಂದು, ತಣ್ಣಗಿನದು. ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡ ನಂದಿಯ ಮುಂದೆ ಎಣ್ಣೆಯ ಜಿಡ್ಡು, ಕರ್ಪೂರ ಆರಿದ ತಟ್ಟೆಯ ಮಸಿ. ಕೆಳಗೆ ತರಗೆಲೆಗೆ ಬೆಂಕಿ ಹಾಕಿದ್ದರೆ ಅದರ ಹೊಗೆ. ಹೊಗೆಯಲ್ಲೂ ಎಷ್ಟು ಬಗೆ! ಸೀದದ್ದು ಬೇರೆ, ಕಮಟು ಬೇರೆ, ಸೌದೆ ಒಲೆಯ ಮೇಲೆ ಹೊಗೆ ಹಿಡಿದ ಹಾಲು ಬೇರೆ. ಕನ್ನಡದಲ್ಲಿ ಮೂಗಿಗೆ ಪದಗಳಿಲ್ಲ ಎನ್ನುವವರನ್ನು ಒಂದು ಬೆಳಿಗ್ಗೆ ಈ ಮೆಟ್ಟಿಲು ಹತ್ತಿಸಬೇಕು.

ಹೀಗೆ ಬರೆಯುತ್ತಿರುವಾಗ ಪ್ರಶ್ನೆಯೊಂದು ಕಾಡತೊಡಗಿತು. ದ್ರಾಕ್ಷಿಯಿಂದ ಮಾಡಿದ ಬಿಳಿ ವೈನ್‌ಗೆ ಕಲ್ಲಿನ ವಾಸನೆ ಎಲ್ಲಿಂದ ಬರುತ್ತದೆ? ಬೇರು ಕಲ್ಲನ್ನು ಹೀರಿ ತರುತ್ತದೆಯೇ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಪ್ರತಿ ತಿರುವಿನಲ್ಲೂ ಪಾಶ್ಚರ್ ನಿಂತಿದ್ದ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಡೋಲ್ ಎಂಬ ಊರಿನಲ್ಲಿ. ಬೆಳೆದದ್ದು ಝೂರಾ ಬೆಟ್ಟಗಳ ತಪ್ಪಲಿನ ಅರ್ಬುವಾದಲ್ಲಿ. ಅದು ಸುಣ್ಣಕಲ್ಲಿನ ಸೀಮೆ, ಸುತ್ತ ದ್ರಾಕ್ಷಿ ತೋಟಗಳು. ಅಪ್ಪ ನೆಪೋಲಿಯನ್ನನ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದು, ಯುದ್ಧ ಮುಗಿದ ಮೇಲೆ ಕುಲಕಸುಬಾದ ಚರ್ಮ ಹದ ಮಾಡುವುದಕ್ಕೆ ಮರಳಿದವನು. ನಮ್ಮಲ್ಲಿ ತಂಗಡಿ ತೊಗಟೆ ಬಳಸುವಂತೆ ಅಲ್ಲಿ ಓಕ್ ಮರದ ತೊಗಟೆ. ಅದೇ ಓಕ್ ಮರದ ಪೀಪಾಯಿಯಲ್ಲಿ ಆ ಊರಿನವರು ವೈನ್ ತುಂಬಿಡುತ್ತಿದ್ದರು. ಹುಡುಗನ ಮೂಗಿಗೆ ಎರಡೂ ಅಂಟಿದ್ದರೆ ಅಚ್ಚರಿಯಿಲ್ಲ.

ಓದಿನಲ್ಲಿ ಅವನು ಎಲ್ಲರೂ ಬೆರಗಾಗುವಂಥ ವಿದ್ಯಾರ್ಥಿಯೇನಲ್ಲ. ಚಿತ್ರ ಚೆನ್ನಾಗಿ ಬರೆಯುತ್ತಿದ್ದ. 1841ರಲ್ಲಿ ವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಫೇಲಾದ. ಮರುವರ್ಷ ಪಾಸಾದಾಗ ರಸಾಯನಶಾಸ್ತ್ರದಲ್ಲಿ ಸಾಧಾರಣ ಎಂಬ ಷರಾ ಬಿತ್ತು. ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್‌ಗೆ ಆಯ್ಕೆಯಾದರೂ ರ‍್ಯಾಂಕ್ ತೃಪ್ತಿ ತರಲಿಲ್ಲ. ಸೀಟು ಬಿಟ್ಟು, ಇನ್ನೊಂದು ವರ್ಷ ಓದಿ, 1843ರಲ್ಲಿ ಮೇಲಿನ ರ‍್ಯಾಂಕ್ ಪಡೆದು ಸೇರಿದ. ಸಿಕ್ಕ ಸೀಟು ಬಿಡುವ ಧೈರ್ಯ ನನಗಂತೂ ಇರುತ್ತಿರಲಿಲ್ಲ.

ಅವನ ಮೊದಲ ದೊಡ್ಡ ಕೆಲಸವೂ ವೈನ್ ಪೀಪಾಯಿಯಿಂದಲೇ ಬಂತು. ವೈನ್ ಇಟ್ಟ ಪೀಪಾಯಿಯ ಒಳಮೈಗೆ ಹರಳುಗಟ್ಟಿದ ಒಂದು ಹುಳಿ ಉಪ್ಪು ಅಂಟಿಕೊಳ್ಳುತ್ತದೆ. ಅದರಿಂದ ಸಿಗುವುದು ಟಾರ್ಟಾರಿಕ್ ಆಮ್ಲ. ನಮ್ಮ ಸಾರಿಗೆ ಹಾಕುವ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಅದೇ. ಈ ಆಮ್ಲಕ್ಕೆ ರೇಸೆಮಿಕ್ ಎಂಬ ಅವಳಿಯೊಂದಿತ್ತು. ರಾಸಾಯನಿಕವಾಗಿ ಎರಡೂ ಒಂದೇ, ಆದರೆ ಬೆಳಕಿನೊಂದಿಗೆ ನಡೆದುಕೊಳ್ಳುವ ರೀತಿ ಬೇರೆ. 1848ರಲ್ಲಿ, 25ರ ಪಾಶ್ಚರ್ ಸೂಕ್ಷ್ಮದರ್ಶಕದ ಕೆಳಗೆ ಹರಳುಗಳನ್ನಿಟ್ಟು ನೋಡಿದ. ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ಬಗೆ ಕಂಡವು. ಚಿಮಟದಿಂದ ಒಂದೊಂದೇ ಹರಳನ್ನು ಆರಿಸಿ ಎರಡು ಗುಡ್ಡೆ ಮಾಡಿದ. ಹಿರಿಯ ವಿಜ್ಞಾನಿ ಬಿಯೋ ಇದನ್ನು ನಂಬದೆ, ತನ್ನ ಕಣ್ಣೆದುರೇ ಪ್ರಯೋಗ ಮಾಡಿಸಿ ನೋಡಿದ ಮೇಲಷ್ಟೇ ಒಪ್ಪಿದ.

ಅಲ್ಲಿಂದ ಸ್ಟ್ರಾಸ್‌ಬರ್ಗ್. ಅಲ್ಲಿ 1849ರಲ್ಲಿ ಮದುವೆ. ಹೆಂಡತಿ ಮರಿ ಕೊನೆಯವರೆಗೂ ಅವನ ಟಿಪ್ಪಣಿಗಳನ್ನು ಬರೆದುಕೊಟ್ಟವಳು. 1854ರಲ್ಲಿ ಲೀಲ್ ನಗರದಲ್ಲಿ ವಿಜ್ಞಾನ ವಿಭಾಗದ ಡೀನ್ ಆದ. ಅಲ್ಲಿಯ ಬೀಟ್‌ರೂಟ್ ಮದ್ಯಸಾರದ ಕಾರ್ಖಾನೆಯೊಂದರಲ್ಲಿ ತೊಟ್ಟಿಗಳು ಹುಳಿಯಾಗಿ ಕೆಡುತ್ತಿದ್ದವು. ಸರಿಯಿದ್ದ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್, ಕೆಟ್ಟದ್ದರಲ್ಲಿ ಬೇರೆಯೇ ಆಕಾರದ ಸಣ್ಣ ಜೀವಿಗಳು. ಹುದುಗುವುದು ಸತ್ತ ವಸ್ತುವಿನ ಕೊಳೆತವಲ್ಲ, ಜೀವಿಗಳ ಬದುಕು ಎಂಬ ಅವನ ವಾದ ಬೆಳೆದದ್ದು ಇಲ್ಲಿಂದ. ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದನ್ನು ದಿನವೂ ನೋಡುವ ನಮಗೆ ಇದರಲ್ಲಿ ವಿಶೇಷ ಕಾಣದು. ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರು ಮಾತ್ರ ಸುಲಭಕ್ಕೆ ಒಪ್ಪಲಿಲ್ಲ.

1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ವೈನ್ ಕೆಡುವುದೇಕೆಂದು ನೋಡಲು ಅವನಿಗೆ ಹೇಳಿದ. ಇಂಗ್ಲೆಂಡಿನೊಂದಿಗೆ 1860ರಲ್ಲಿ ವ್ಯಾಪಾರ ಒಪ್ಪಂದವಾಗಿತ್ತು. ಕಳಿಸಿದ ವೈನ್ ದಾರಿಯಲ್ಲೇ ಹುಳಿಯೋ ಕಹಿಯೋ ಆಗಿ ಹೆಸರು ಕೆಡುತ್ತಿತ್ತು. ಪಾಶ್ಚರ್ ಇದಕ್ಕೆ ಆರಿಸಿಕೊಂಡದ್ದು ತನ್ನ ಊರು ಅರ್ಬುವಾವನ್ನೇ. ಹಿಂದೆ ಕಾಫಿ ಅಂಗಡಿಯಾಗಿದ್ದ ಒಂದು ಕೋಣೆ ಅವನ ಪ್ರಯೋಗಾಲಯವಾಯಿತು. ಉಪಕರಣಗಳನ್ನು ಊರಿನ ಬಡಗಿ, ತಗಡು ಕೆಲಸದವರಿಂದಲೇ ಮಾಡಿಸಿಕೊಂಡ. ಕೆಟ್ಟ ವೈನಿನ ಒಂದೊಂದು ರೋಗಕ್ಕೂ ಒಂದೊಂದು ಸೂಕ್ಷ್ಮಜೀವಿ ಕಾರಣವೆಂದು ತೋರಿಸಿದ. ಮದ್ದು ಸರಳವಾಗಿತ್ತು. ಮುಚ್ಚಿದ ಬಾಟಲಿಯನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಹೊತ್ತು ಬಿಸಿ ಮಾಡುವುದು. 1865ರಲ್ಲಿ ಪೇಟೆಂಟ್ ಪಡೆದ, ಆಮೇಲೆ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ. 1866ರಲ್ಲಿ ವೈನ್ ಕುರಿತ ಅವನ ಪುಸ್ತಕ ಬಂತು.

ಇಷ್ಟು ಬರೆಯುವಾಗ ಕೆಲಸ ಎಷ್ಟು ಸಲೀಸಾಗಿ ಸಾಗಿತು ಎನಿಸುತ್ತದೆ. ಮನೆಯ ಕಥೆ ಬೇರೆ. ಐವರು ಮಕ್ಕಳಲ್ಲಿ ಹಿರಿಯಳು ಝಾನ್ 1859ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡಿದ್ದಳು. 1865ರಲ್ಲಿ ಅಪ್ಪ ಹೋದ. ಅದೇ ವರ್ಷ ಎರಡು ವರ್ಷದ ಕಮೀಯ್, ಮರುವರ್ಷ 12 ವರ್ಷದ ಸೆಸೀಲ್. ವೈನ್ ಪುಸ್ತಕ ಅಚ್ಚಾಗುತ್ತಿದ್ದ ಹೊತ್ತು ಅದು. ಕಣ್ಣಿಗೆ ಕಾಣದ ಜೀವಿಗಳು ವೈನನ್ನು ಕೆಡಿಸಬಲ್ಲವಾದರೆ ಮನುಷ್ಯನ ಮೈಯನ್ನೂ ಕೆಡಿಸಬಲ್ಲವು ಎಂಬ ಯೋಚನೆಯನ್ನು ಅವನು ಬಿಡದೆ ಹಿಡಿದದ್ದು ಬರೀ ಪಾಂಡಿತ್ಯಕ್ಕಲ್ಲ ಎಂದು ನನಗನಿಸುತ್ತದೆ.

ಬಿಸಿ ಮಾಡಿದರೆ ವೈನಿನ ಘಮ ಹೋಗುತ್ತದೆ ಎಂದು ಬೆಳೆಗಾರರು ಗಲಾಟೆ ಎಬ್ಬಿಸಿದರು. ಪಾಶ್ಚರ್ ಪ್ಯಾರಿಸ್ಸಿನ ನುರಿತ ವೈನ್ ವ್ಯಾಪಾರಿಗಳ ತಂಡವೊಂದರ ಮುಂದೆ ಬಿಸಿ ಮಾಡಿದ ಮತ್ತು ಮಾಡದ ವೈನ್‌ಗಳನ್ನಿಟ್ಟ. ಅವರು ಮೂಸಿ, ಸವಿದು, ಸಣ್ಣಸಣ್ಣ ವ್ಯತ್ಯಾಸಗಳನ್ನು ಹೇಳಿದರು. ಆಗ ಅವನಿಗೊಂದು ಅನುಮಾನ ಬಂತು. ಒಮ್ಮೆ, ಅವರಿಗೆ ಹೇಳದೆ, ಎರಡೂ ಲೋಟಕ್ಕೆ ಒಂದೇ ವೈನ್ ಹಾಕಿ ಕೊಟ್ಟ. ಆಗಲೂ ಅವರಿಗೆ ವ್ಯತ್ಯಾಸ ಕಂಡಿತು!

ಇದನ್ನು ಓದಿದ ದಿನ ನಾನು ನನ್ನ ಬೆಟ್ಟದ ನೋಟ್‌ಬುಕ್ಕನ್ನು ಮತ್ತೆ ತೆಗೆದು ನೋಡಿದೆ. ಅವರು ಸುಳ್ಳು ಹೇಳಲಿಲ್ಲ, ಕೆಲಸ ಬಾರದವರೂ ಅಲ್ಲ. ಎರಡು ಲೋಟ ಎದುರಿಗಿದ್ದರೆ ಎರಡು ವಾಸನೆ ಇರಲೇಬೇಕೆಂದು ಮನಸ್ಸು ಮೊದಲೇ ತೀರ್ಮಾನಿಸಿಬಿಡುತ್ತದೆ. ಬಾಟಲಿಯ ಮೇಲೆ ಬೆಟ್ಟದ ಚಿತ್ರವಿದ್ದರೆ ವೈನಿನಲ್ಲಿ ಕಲ್ಲು ಮೂಸುವುದು ಎಷ್ಟು ಹೊತ್ತಿನ ಮಾತು? ಇಂದಿನ ರುಚಿ ಪರೀಕ್ಷೆಯ ಕೋಣೆಗಳಲ್ಲಿ ಇದಕ್ಕೆಂದೇ ತ್ರಿಕೋನ ಪರೀಕ್ಷೆ ಇದೆ. ಮೂರು ಲೋಟ, ಒಂದೊಂದಕ್ಕೂ ಮೂರಂಕಿಯ ಸಂಖ್ಯೆ, ಎರಡರಲ್ಲಿ ಒಂದೇ ಪದಾರ್ಥ, ಬೇರೆಯದು ಯಾವುದೆಂದು ಹೇಳಬೇಕು. ಬಣ್ಣ ನೋಡಿ ಊಹಿಸಬಾರದೆಂದು ಕೆಂಪು ದೀಪ ಹಾಕುವುದೂ ಉಂಟು. ಕಂಪನಿಯ ಮೊದಲ ಸುತ್ತಿನಲ್ಲಿ ನನಗೆ ಕೊಟ್ಟದ್ದೂ ಇದೇ ಪರೀಕ್ಷೆ. ಒಂದು ಲೋಟದ ಮುಂದೆ ಇಂಗ್ಲಿಷಿನಲ್ಲಿ ಫ್ಲಿಂಟ್ ಎಂದು ಬರೆದು, ಪಕ್ಕದಲ್ಲಿ ಕನ್ನಡದಲ್ಲೇ ಉಜ್ಜಿದ ಬೆಣಚುಕಲ್ಲು ಎಂದೂ ಬರೆದೆ. ಮೇಲ್ವಿಚಾರಕರು ಅದರ ಅರ್ಥ ಕೇಳಿದರು, ಹೇಳಿದೆ, ಗುರುತು ಹಾಕಿಕೊಂಡರು. ಎರಡನೇ ಸುತ್ತಿಗೆ ಕರೆದಿದ್ದಾರೆ. ಮುಂದಿನದು ಗೊತ್ತಿಲ್ಲ.

ಕಲ್ಲಿನ ಪ್ರಶ್ನೆಗೆ ಬರುತ್ತೇನೆ. ಬೇರು ನೆಲದಿಂದ ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದವನ್ನು ನೀರಿನಲ್ಲಿ ಕರಗಿದ ರೂಪದಲ್ಲಿ ಹೀರುತ್ತದೆ ನಿಜ, ಆದರೆ ಅವಕ್ಕೆ ವಾಸನೆಯಿಲ್ಲ. ಮೂಗಿಗೆ ತಲುಪಬೇಕಾದರೆ ವಸ್ತು ಆವಿಯಾಗಬೇಕು, ಕಲ್ಲು ಆವಿಯಾಗುವುದಿಲ್ಲ. ಮಳೆ ಬಿದ್ದ ಬಂಡೆಯ ವಾಸನೆ ಕೂಡ ಬಂಡೆಯದಲ್ಲ. ಬೇಸಿಗೆಯಲ್ಲಿ ಗಿಡಗಳಿಂದ ಬಂದು ಕಲ್ಲಿಗೆ ಅಂಟಿದ ಎಣ್ಣೆಯಂಶ ಮಳೆಗೆ ಮೇಲೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದರ ಜೊತೆಗೆ ಬೆರೆಯುವ ಮಣ್ಣಿನ ವಾಸನೆ ಜಿಯೋಸ್ಮಿನ್‌ನದು. ಅದನ್ನು ತಯಾರಿಸುವುದು ಮಣ್ಣಿನ ಸೂಕ್ಷ್ಮಜೀವಿಗಳು. ಬಿಳಿ ವೈನಿನ ಹೊಗೆ ಮತ್ತು ಚಕಮಕಿಯ ವಾಸನೆಗೆ ಗಂಧಕವಿರುವ ಬೆಂಜೀನ್‌ಮೀಥೇನ್‌ಥಯಾಲ್ ಎಂಬ ವಸ್ತು ಒಂದು ಕಾರಣವೆಂದು 2003ರಲ್ಲಿ ಬೋರ್ಡೊದಲ್ಲಿದ್ದ ಜಪಾನಿ ವಿಜ್ಞಾನಿ ತಕಾತೋಷಿ ತೊಮಿನಾಗಾ ಮತ್ತು ಸಂಗಡಿಗರು ತೋರಿಸಿದರು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಸುಟ್ಟ ಓಕ್ ಪೀಪಾಯಿಯಿಂದ ಬರುವ ಹೊಗೆಯದು ಬೇರೆ ದಾರಿ, ಅದರಲ್ಲಿ ಗ್ವಾಯಕಾಲ್ ಎಂಬುದು ಮುಖ್ಯ. ಫ್ರಾನ್ಸಿನಲ್ಲಿ ಪುಯಿ-ಫ್ಯೂಮೆ ಎಂಬ ಬಿಳಿ ವೈನಿನ ಹೆಸರಿನಲ್ಲೇ ಹೊಗೆ ಇದೆ. ಅಷ್ಟು ಹಳೆಯ ಪರಿಚಯ ಅದು.

ಇಷ್ಟರಿಂದ ಕಲ್ಲು ಎಂಬ ಪದ ಸುಳ್ಳಾಗುವುದಿಲ್ಲ. ಅದು ಮೂಲವನ್ನು ಹೇಳುತ್ತಿಲ್ಲ, ಹೋಲಿಕೆಯನ್ನು ಹೇಳುತ್ತಿದೆ, ಅಷ್ಟೆ. ಮಲ್ಲಿಗೆ ಇಡ್ಲಿಯಲ್ಲಿ ಮಲ್ಲಿಗೆ ಹುಡುಕುತ್ತೇವೆಯೇ?

ಪಾಶ್ಚರ್ ಊರಿನಲ್ಲಿ ಹೆಸರಾದ ಒಂದು ಹಳದಿ ವೈನ್ ಇದೆ. ಸವಾನ್ಯಾಂ ಎಂಬ ಬಿಳಿ ದ್ರಾಕ್ಷಿಯಿಂದ ಮಾಡಿ, ಪೀಪಾಯಿಯಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಇಡುತ್ತಾರೆ. ಮೇಲೆ ಯೀಸ್ಟಿನ ತೆಳು ಪೊರೆ ಕಟ್ಟಿಕೊಳ್ಳುತ್ತದೆ. ವೈನಿನ ಮೇಲೆ ಕಟ್ಟುವ ಇಂಥ ಪೊರೆಗಳನ್ನೂ, ಗಾಳಿಯ ಆಮ್ಲಜನಕ ನಿಧಾನವಾಗಿ ಸೇರಿ ವೈನ್ ಮಾಗುವುದನ್ನೂ ಪಾಶ್ಚರ್ ಗಾಜಿನ ಕೊಳವೆಗಳಲ್ಲಿಟ್ಟು ನೋಡಿದ್ದ. ಈ ವೈನಿನ ಗುರುತಿನ ವಾಸನೆ ಸೋಟೊಲಾನ್ ಎಂಬ ವಸ್ತುವಿನದು. ಹೆಸರು ಕೇಳಿ ಹೆದರಬೇಡಿ, ಅದು ನಮ್ಮ ಮೆಂತ್ಯದ ವಾಸನೆ! ನಮ್ಮ ಸಾಂಬಾರು ಪುಡಿಯ ಡಬ್ಬಿ ತೆರೆದವರಿಗೆ ಅದು ಹೊಸದಲ್ಲ.

ವೈನ್ ಆರೋಗ್ಯಕ್ಕೆ ಅತ್ಯುತ್ತಮ ಪಾನೀಯವೆಂದೂ ಅವನು ನಂಬಿದ್ದ. ಕೊಳಕು ನೀರು ಜನರನ್ನು ಕೊಲ್ಲುತ್ತಿದ್ದ ಕಾಲದ ನಂಬಿಕೆ ಅದು, ಇಂದಿನ ವೈದ್ಯರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಒಳ್ಳೆಯ ವೈನ್ ಮಾಡುವವರು ಇಂದು ಅವನ ಬಿಸಿ ವಿಧಾನವನ್ನು ಅಷ್ಟಾಗಿ ಬಳಸುವುದೂ ಇಲ್ಲ. ಅದು ಹಾಲಿಗೆ ಹೋಯಿತು. 1886ರಲ್ಲಿ ಜರ್ಮನಿಯ ಸಾಕ್ಸ್‌ಲೆಟ್ ಹಾಲನ್ನೂ ಹೀಗೆ ಬಿಸಿ ಮಾಡಬಹುದೆಂದು ಸೂಚಿಸಿದ. ಬೆಳಿಗ್ಗೆ ಗೇಟಿಗೆ ಬೀಳುವ ನಂದಿನಿ ಪಾಕೀಟಿನ ಮೇಲೆ ಅವನ ಹೆಸರು ಕ್ರಿಯಾಪದವಾಗಿ ಕೂತಿದೆ. ಅದು ಮೊದಲು ವೈನಿಗಾಗಿ ಹುಟ್ಟಿದ್ದು ಎಂದರೆ ನಮ್ಮ ಬೀದಿಯ ಹಾಲಿನ ಅಂಗಡಿಯವರು ನಂಬಲೇ ಇಲ್ಲ.

ವೈನ್ ಕೆಲಸದ ಮಧ್ಯದಲ್ಲೇ, 1865ರಲ್ಲಿ, ರೇಷ್ಮೆಹುಳುವಿನ ರೋಗ ನೋಡಲು ಅವನನ್ನು ಕಳಿಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆಯನ್ನೆಲ್ಲ ಎಸೆಯುವುದು ಅವನು ಕೊಟ್ಟ ವಿಧಾನ. ನಮ್ಮ ರೇಷ್ಮೆ ಮೊಟ್ಟೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆ ಇಂದಿಗೂ ನಡೆಯುತ್ತದೆ. 1868ರ ಅಕ್ಟೋಬರ್‌ನಲ್ಲಿ, 45ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ಎಡಭಾಗ ಬಿತ್ತು. ಕೋಳಿ ಕಾಲರಾ, ಕುರಿಗಳ ಆಂಥ್ರಾಕ್ಸ್, 1885ರಲ್ಲಿ ಹುಚ್ಚುನಾಯಿ ಕಚ್ಚಿದ ಹುಡುಗ ಜೋಸೆಫ್ ಮೈಸ್ಟರ್‌ಗೆ ಕೊಟ್ಟ ಲಸಿಕೆ, ಎಲ್ಲವೂ ಅದಾದ ಮೇಲಿನವು. ಅವನ್ನು ನೀವು ಬಲ್ಲಿರಿ.

ನನಗೆ ಇಷ್ಟವಾದದ್ದು 1878ರ ಒಂದು ಪ್ರಯೋಗ. ಯೀಸ್ಟ್ ಹೊರಗಿನಿಂದ ಬರಬೇಕಿಲ್ಲ, ಮದ್ಯಸಾರ ಹಣ್ಣಿನ ರಸದಿಂದಲೇ ಹುಟ್ಟಬಲ್ಲದು ಎಂಬ ಅರ್ಥದ ಟಿಪ್ಪಣಿಗಳು ತೀರಿಹೋದ ಗೆಳೆಯ ಕ್ಲೋದ್ ಬರ್ನಾರ್‌ನ ಹೆಸರಿನಲ್ಲಿ ಅಚ್ಚಾದವು. ಪಾಶ್ಚರ್‌ಗೆ ಅರ್ಬುವಾ ಹತ್ತಿರ ರೋಝಿಯೇರ್ ಎಂಬಲ್ಲಿ ಸಣ್ಣ ದ್ರಾಕ್ಷಿ ತೋಟವಿತ್ತು. ಕಾಯಿ ಇನ್ನೂ ಹಸಿರಾಗಿದ್ದಾಗಲೇ ಬಳ್ಳಿಗಳ ಸುತ್ತ ಗಾಜಿನ ಮನೆ ಕಟ್ಟಿಸಿದ, ಕೆಲವು ಗೊಂಚಲುಗಳಿಗೆ ಹತ್ತಿ ಸುತ್ತಿಸಿದ. ಹಣ್ಣಾದ ಮೇಲೆ ಜಜ್ಜಿ ಇಟ್ಟರೆ ಬಯಲಿನ ಹಣ್ಣು ಹುದುಗಿತು, ಹತ್ತಿಯೊಳಗಿನದು ಹುದುಗಲಿಲ್ಲ. ಆ ಗೊಂಚಲುಗಳನ್ನು ಅಕಾಡೆಮಿಗೆ ತೋರಿಸಲು ಪ್ಯಾರಿಸ್‌ಗೆ ಒಯ್ದಾಗ, ಹತ್ತಿ ಕದಲದಂತೆ ಹೆಂಡತಿ, ಮಗಳು ರೈಲಿನಲ್ಲಿ ದಾರಿಯುದ್ದಕ್ಕೂ ಅವನ್ನು ನೆಟ್ಟಗೆ ಹಿಡಿದು ಕೂತಿದ್ದರಂತೆ.

1895ರ ಸೆಪ್ಟೆಂಬರ್ 28ರಂದು ಅವನು ತೀರಿಕೊಂಡ. ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ನೆಲಮಾಳಿಗೆಯಲ್ಲಿ ಅವನ ಸಮಾಧಿ ಇದೆ. ಗೋಡೆ, ಕಮಾನುಗಳ ಮೇಲೆ ಬಣ್ಣದ ಚೂರುಗಳಲ್ಲಿ ಅವನ ಕೆಲಸಗಳನ್ನೆಲ್ಲ ಚಿತ್ರಿಸಿದ್ದಾರೆ. ನಾಯಿ, ಕುರಿ, ಕೋಳಿ, ಹಿಪ್ಪುನೇರಳೆ ಎಲೆಗಳು ಅಲ್ಲಿವೆ. ಅವುಗಳ ನಡುವೆ ದ್ರಾಕ್ಷಿ ಬಳ್ಳಿಯೂ ಇದೆ.